ಷರಾ

ಕಾರವಾರ ಕೋರ್ಟಿನ ಗೇಟಿಗೆ ಆತು
ಮೂವತ್ತೊಂದು ವರ್ಷದಿಂದ ನನ್ನ ಮೇಜು.
ಜಾತಿ, ಆದಾಯ, ವಾರಸಾ, ಹೆಸರಿನ ತಿದ್ದುಪಡಿ,
ದೋಣಿಯ ಕಾಗದ ನೀರುಪಾಲಾದದ್ದಕ್ಕೆ ಒಂದು.
ಹೇಳಿದ್ದನ್ನು ಕುಟ್ಟುತ್ತೇನೆ. ನಿಜವೋ ಸುಳ್ಳೋ
ನೋಟರಿ ನೋಡಿಕೊಳ್ಳಲಿ.

ಮಾಳಸೇಕರ ಬರುವುದು ಬುಧವಾರ,
ಅವನ ಬ್ಯಾಟರಿ ಅಂಗಡಿಗೆ ರಜೆ.
ಕಂಕುಳಲ್ಲಿ ಮಿಠಾಯಿ ಡಬ್ಬಿ, ಒಳಗೆ
ಯಾವನೋ ಗೋಲ್‌ಕೀಪರನ ಗ್ಲೌಸು.
ತೊಳೆದದ್ದಾದರೆ ಮುಟ್ಟುವುದಿಲ್ಲ ಅವನು.
ಮೈದಾನದ ಮಣ್ಣು ಹೊಲಿಗೆಯಲ್ಲಿ ಕಚ್ಚಿರಬೇಕು,
ಅಂಗೈಯ ರಬ್ಬರು ಚೆಂಡು ತಿಂದು ಸವೆದಿರಬೇಕು,
ಮೂಗಿಗೆ ಹಿಡಿದರೆ ತೊಂಬತ್ತು ನಿಮಿಷದ ಬೆವರು
ಇನ್ನೂ ಬೆವರಾಗಿಯೇ ಇರಬೇಕು.
ಇಂಥವು ಹತ್ತೊಂಬತ್ತು ಜೊತೆ, ಗಾಜಿನ ಕಪಾಟಿನಲ್ಲಿ.
‘ಒಣಮೀನಿನ ನಾತಕ್ಕಾದರೂ ಒಂದು ಹೆಸರಿದೆ,
ಇದಕ್ಕೆ ಏನನ್ನಲಿ?’ ಅಂತ ಕೇಳಿದಳಂತೆ ಹೆಂಡತಿ.

ಮಡಗಾಂವಿನವನೊಬ್ಬ ಹೊಸ ಜೊತೆಯೊಂದನ್ನು
ಚಹಾದಲ್ಲಿ ಅದ್ದಿ, ಜಗಲಿಗೆ ತಿಕ್ಕಿ,
ದೊಡ್ಡ ಹೆಸರು ಹೇಳಿ ದಾಟಿಸಿದ ಮೇಲೆ
ಇವನಿಗೆ ಕಾಗದವಿಲ್ಲದೆ ನಿದ್ದೆಯಿಲ್ಲ.
ಯಾವ ಪಂದ್ಯ, ಯಾವ ತಾರೀಕು, ಯಾವ ಕಂಬದ ಕಡೆ,
ಇಪ್ಪತ್ತು ರೂಪಾಯಿಯ ಛಾಪಾ ಕಾಗದದ ಮೇಲೆ
ತೊಟ್ಟವನೇ ಬಂದು ಹೇಳಬೇಕು.

ಆ ಬುಧವಾರ ತೊಟ್ಟವನೇ ಬಂದ.
ಬಸ್ತ್ಯಾಂವ್ ಗೊದಿನ್ಹೊ!
ಮಾಲಾದೇವಿ ಮೈದಾನದ ಫೈನಲ್ಲಿನಲ್ಲಿ
ಕೋಡಿಬಾಗದ ಗೋಲಿಗೆ ಅಡ್ಡ ನಿಂತು
ವಾಸ್ಕೋದವರ ಪೆನಾಲ್ಟಿ ಮೂರನ್ನು
ಮುಂಡಾಸು ಬಿಚ್ಚಿ ಎಸೆದಂತೆ ಆಚೆ ಎಸೆದವನು.
ನಾನೂ ಗೋಡೆ ಹತ್ತಿ ಕೂತಿದ್ದೆ ಅವತ್ತು,
ಇಳಿಯುವಾಗ ಪ್ಯಾಂಟು ಹರಿದಿತ್ತು.
ಈಗ ಬೈತಖೋಲದಲ್ಲಿ ಟ್ರಾಲರಿನ ವಿಂಚು ನೋಡುತ್ತಾನೆ.
ಚಪ್ಪಲಿ ಹೊರಗೇ ಬಿಟ್ಟ,
ಇದು ಕೋರ್ಟಲ್ಲ ಮಾರಾಯ, ಬರೀ ಮೇಜು, ಅಂದರೂ.

ಮಾಳಸೇಕರ ಡಬ್ಬಿ ತೆರೆದ.
ಅವನಿಗೆ ಆಗಲೇ ಗಂಟಲು ಕಟ್ಟಿತ್ತು.
‘ಒಮ್ಮೆ ಹಾಕು ಬಸ್ತ್ಯಾಂವ್, ಅಳತೆ ಗೊತ್ತಾಗಲಿ.’
ಬಲಗೈ ಹೋಯಿತು ಒಳಗೆ.
ತೋರುಬೆರಳು, ನಡುಬೆರಳು
ನಿಲ್ಲಲಿಲ್ಲ. ಬಾಗಿದವು, ಗಾಳಿಯಿಲ್ಲದ ಬಾವುಟದಂತೆ.
ವಿಂಚಿನ ಹಗ್ಗ, ಅಂದ. ಎರಡು ಮಳೆಗಾಲದ ಹಿಂದೆ.
ಅಂದು ಮತ್ತೆ ಗ್ಲೌಸನ್ನೇ ನೋಡಿದ,
ಅದರಲ್ಲಿ ಇನ್ನೂ ಐದೂ ಇವೆಯಲ್ಲ ಎಂಬಂತೆ.

ಆಮೇಲೆ ಮೆಲ್ಲಗೆ:
‘ಇದು ನಂದಲ್ಲ.’
ಮಾಳಸೇಕರನ ಮುಖ ಸುಣ್ಣ.
‘ತೊಟ್ಟದ್ದು ನಾನೇ. ಹಾಫ್‌ಟೈಮಿಗೆ ನಂದು ಹರೀತು,
ಬೆಂಚಿನಲ್ಲಿದ್ದ ಸೋಮಾ ತಾಂಡೇಲ ಕಳಚಿ ಕೊಟ್ಟ.
ಇನ್ನೂ ಬಿಸಿಯಿತ್ತು ಒಳಗೆ. ಅವ ಅವತ್ತೂ ಆಡಲಿಲ್ಲ,
ಮುಂದೆಯೂ ಯಾರೂ ಕರೀಲಿಲ್ಲ.
ವಾಪಸ್ ಕೊಡಬೇಕು ಅಂತ ಇಟ್ಟೆ, ಇಟ್ಟೇ ಹೋಯ್ತು.’

ನನ್ನ ಬೆರಳು ಕೀಲಿಗಳ ಮೇಲೆ ಕೂತಿದ್ದವು, ಹತ್ತೂ.
ಏನು ಕುಟ್ಟಲಿ? ಮಾಳಸೇಕರನನ್ನು ಕೇಳಿದೆ.
ಅವನು ಬಹಳ ಹೊತ್ತು ಮೀನುಪೇಟೆಯ ಕಡೆ ನೋಡಿ
‘ಹೇಳಿದ ಹಾಗೇ ಕುಟ್ಟು’ ಅಂದ.
ಹಾಗಾಗಿ ಮೊದಲ ಬಾರಿ
ನನ್ನ ಯಂತ್ರದಿಂದ ಇಂಥ ಒಂದು ವಾಕ್ಯ ಬಿತ್ತು:
‘ಸದರಿ ಗ್ಲೌಸು ಸೋಮಾ ತಾಂಡೇಲನದು,
ಸದರಿ ಪಂದ್ಯ ನನ್ನದು.’

ಸಹಿಗೆ ಪೆನ್ನು ಹಿಡಿಯಲು ಬರಲಿಲ್ಲ.
ಹೆಬ್ಬೆರಳು ಸಾಕು, ಅಂದೆ, ಪ್ಯಾಡು ತಳ್ಳಿದೆ.
ಒತ್ತಿದ, ಕಾಗದದ ಮೇಲೆ ಸರಿಯಾಗಿಯೇ ಬಿತ್ತು.
ಆಮೇಲೆ ಅದೇ ಕೈಯಲ್ಲಿ ಜೊತೆಯನ್ನೆತ್ತಿ
ಡಬ್ಬಿಯೊಳಗೆ ಮಲಗಿಸಿದ,
ಕೂಸನ್ನು ಇನ್ನೊಬ್ಬರ ತೊಡೆಗೆ ಕೊಡುವ ಹಾಗೆ.

ಅಯ್ಯೋ, ಎಂದ ಮಾಳಸೇಕರ. ಮಣಿಕಟ್ಟಿನ ಬಿಳಿ ಪಟ್ಟಿಯ ಮೇಲೆ
ಕಡಲೆಕಾಳಿನಷ್ಟು ನೀಲಿ.
ಒರೆಸಲು ಹೋದವನು ತಡೆದು ನಿಂತ.
ಮತ್ತೆ ಕಾಗದವನ್ನು ನನ್ನತ್ತ ಸರಿಸಿದ.

ಕೆಳಗೆ, ಜಾಗವಿಲ್ಲದಿದ್ದರೂ, ಒತ್ತಾಗಿ ಕುಟ್ಟಿದೆ:
ಷರಾ. ಪಟ್ಟಿಯ ಮೇಲಿನ ನೀಲಿ ಕಲೆ
ಪಂದ್ಯದ್ದಲ್ಲ.