ನೆಲ ದುರಸ್ತಿ

ಗುಳೇದಗುಡ್ಡದಾಗ ಯಾರೂ ಮೆತ್ತಗ ಮಾತಾಡೂದಿಲ್ಲ.
ಮಗ್ಗದ ಸದ್ದಿನ ಮ್ಯಾಲೆ ಮಾತು ದಾಟಿಸಿ ದಾಟಿಸಿ
ಗಂಟಲಿಗೂ ಅಗಲ ಪನ್ನಾ ಬಂದದ.
ಅಂಥಾ ಊರಾಗ ಇಪ್ಪತ್ತೆರಡು ವರ್ಷ
‘ಮೌನವಾಗಿರಿ’ ಅನ್ನೂ ಹಲಗಿ ಕೆಳಗ ಕುಂತು
ಪಗಾರ ತಗೊಂಡವ ನಾನು.

ಹಿಂದಿನ ಖೋಲಿ ಖಾಲಿ ಮಾಡ್ರಿ,
ಹರೇದ ಹುಡುಗರಿಗೊಂದು ಜಾಗಾ ಮಾಡ್ರಿ, ಅಂತ ಆದೇಶ ಬಂತು.
ಜೊತೀಗೆ ತುಂಬೂ ನಮೂನೆ:
ಮೇಜು ಎಷ್ಟು, ಕುರ್ಚಿ ಎಷ್ಟು, ಗೋಡಿಗೆ ಯಾವ ಬಣ್ಣ,
ಮಹಾತ್ಮರ ಫೋಟೋ ಎಷ್ಟು.
ತುಂಬಿದೆ. ಹನ್ನೆರಡು ಕುರ್ಚಿ. ತಿಳಿ ಹಸಿರು.
ಸಹಿ ಮಾಡೂ ಹೊತ್ತಿಗೆ ಅನಿಸ್ತು,
ಹದಿನೈದು ವರ್ಷದವ ಕುರ್ಚಿ ಮ್ಯಾಲೆ
ಕುರ್ಚಿ ಹೇಳಿದಂಗ ಕುಂತದ್ದು
ಯಾವಾಗರೆ ನೋಡೇನೇನು?

ಹಳೇ ಪತ್ರಿಕೆ ಗಂಟು ಹೊರಗ ಒಯ್ಸಿ
ಖಾಲಿ ನೆಲದ ಮ್ಯಾಲೆ ಖಡು ಇಟ್ಟು ಅಂದೆ:
ಬರೀರಿ, ಎಲ್ಲಿ ಏನು ಬೇಕು.
ಒಂದು ತಾಸು ಯಾರೂ ಬರೀಲಿಲ್ಲ.
ಚಾ ಕುಡದು ಬರೂದ್ರಾಗ ನೆಲ ತುಂಬಿತ್ತು.

ಕಿಡಕಿ ಕೆಳಗ ಅಲ್ಫಿಯಾ ಗೆರಿ ಎಳದಿದ್ಲು:
‘ಇಲ್ಲಿ ಕುಂತ್ರ ರಸ್ತೇದಿಂದ ಕಾಣಬಾರದು.’
ಚಾರ್ಜಿಂಗ್ ಪಾಯಿಂಟು ಐದು ಕಡೆ, ಅದು ವಿರೂಪಾಕ್ಷಿಯ ಅಕ್ಷರ.
ಯಾರೋ ‘ಕನ್ನಡಿ’ ಅಂತ ಬರದು, ಅಳಿಸಿ, ಮತ್ತ ಬರದಿದ್ರು,
ಸಣ್ಣದಾದ್ರೂ ಸಾಕು ಅಂತ.
ಬಾಗಲದ ಹತ್ರ, ಹೆಸರಿಲ್ಲದ ಅಕ್ಷರ:
‘ಓದದ ಕುಂತ್ರ ನಡೀತದೇನ್ರಿ?’

ಆ ಸಾಲಿನ ಮ್ಯಾಲೆ ಕಾಲಿಡದ ದಾಟಿದೆ.
ಇಷ್ಟು ವರ್ಷ ಇದನ್ನ ಯಾರೂ ಕೇಳಿರಲಿಲ್ಲ;
ಕೇಳಿದ್ರ ನಾ ‘ಇಲ್ಲ’ ಅಂತಿದ್ದೆ.

ನಟ್ಟನಡುವ ಒಂದು ಚೌಕ. ಅದರೊಳಗ ಒಂದೇ ಮಾತು: ಗುಂಡಿ.
ಲಕ್ಕವ್ವ ಬರದದ್ದು,
ಅಜ್ಜಿ ಹೆಸರು ಹೊತ್ತು ‘ಲಕ್ಕಿ’ ಅನಿಸಿಕೊಳ್ಳೂ ಹುಡುಗಿ.
‘ಈ ಖೋಲಿ ಮೊದಲ ನೇಕಾರರ ಮನೀದಂತ, ಸರ.
ಇಲ್ಲಿ ಕುಣಿಮಗ್ಗ ಇತ್ತಂತ. ಹಿಮ್ಮಡ ಹೊಡದು ನೋಡ್ರಿ,
ಪೊಳ್ಳು ಸದ್ದು ಬರ್ತದ.’
ಹೊಡದೆ. ಬಂತು.

ಎರಡು ರವಿವಾರ ಅಗದರು. ಫರಸಿ ಎತ್ತಿದರು,
ಇಟ್ಟಂಗಿ ಚೂರು, ಬೂದಿ, ಒಂದು ಹಸಿರು ಬಳಿಚೂರು,
ತುದಿ ಸವದ ಲಾಳಿ.
ಲಾಳಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋತು,
ಅದು ಹೋಗಬೇಕಾದ್ದೇ ಹಂಗ.

ಪುರಸಭೆ ಇಂಜಿನಿಯರ್ ಬಂದು ಬಗ್ಗಿ ನೋಡಿದರು:
‘ಇದೇನ್ರಿ, ಜಾಗಾ ಮಾಡ್ರಿ ಅಂದ್ರ ತೆಗ್ಗು ತೋಡೀರಿ?
ಯಾವ ಲೆಕ್ಕದಾಗ ಹಾಕ್ಲಿ?’
‘ನೆಲ ದುರಸ್ತಿ’ ಅಂದೆ.
ಜೀವಮಾನದಾಗ ನಾ ಕಟ್ಟಿದ ಒಂದೇ ಕಥಿ ಅದು.
ಅಂಚಿಗೆ ಕಟ್ಟಿಗೆ ಪಟ್ಟಿ ಹೊಡಸ್ರಿ, ಯಾರರೆ ಬಿದ್ದಾರು, ಅಂದು
ಬೂಟು ಬಿಚ್ಚಿ, ಒಂದು ಗಳಿಗಿ ಕಾಲು ಇಳಿಬಿಟ್ಟು
ಕುಂತು ಹೋದರು.

ಈಗ ಹನ್ನೆರಡೂ ಕುರ್ಚಿ ಮೂಲ್ಯಾಗ ಒಂದರ ಮ್ಯಾಲೊಂದು.
‘ಮೌನ’ದ ಹಲಗಿ ತಿರುವಿ, ಬೆನ್ನಿಗೆ ಕರಿ ಬಣ್ಣ ಬಳದಾರ;
ಬೈಗುಳನೂ ಬರೀತಾರ, ಕಾಗುಣಿತ ತಪ್ಪಿದ್ರ ತಿದ್ದತೀನಿ.
ಜಗಳ ಆಗ್ತಾವ. ಕ್ಯಾರಂ ಸ್ಟ್ರೈಕರ್ ಕಳವಾಗೇದ.
ಅಲ್ಫಿಯಾನ ಕಿಡಕಿಗೆ ಖಣದ ತುಂಡು ಹೊಲದ ಪರದೆ,
ಒಂದು ಬದಿ ಗೇಣು ಗಿಡ್ಡ.
ಪೇಪರ್ ಓದೂ ಹಿರೇರು ಆ ಕಡೆಯಿಂದ
‘ಏನು ಗದ್ದಲರೀ ಇದು!’ ಅಂತ ಒದರತಾರ,
ಅವರ ದನಿ ಎಲ್ಲರಕಿಂತ ಜೋರು.

ಓದದ ಕೂಡೂ ಹುಡುಗ ಯಾರಂತ ಈಗ ಗೊತ್ತು.
ಸಂಜಿ ಐದೂವರಿಗೆ ಬಂದು
ಕುಣ್ಯಾಗ ಕಾಲು ಬಿಟ್ಟು ಕೂಡ್ತಾನ, ಏನೂ ಮುಟ್ಟೂದಿಲ್ಲ.
ನಾ ಹೆಸರು ಕೇಳಿಲ್ಲ. ಹಾಜರಿ ಪುಸ್ತಕದಾಗ
ಅವನದೊಂದು ಸಾಲು ಖಾಲಿ ಬಿಡ್ತೀನಿ.

ನಿನ್ನೆ ಕರೆಂಟು ಹೋತು,
ಊರ ಮಗ್ಗ ಎಲ್ಲಾ ಒಮ್ಮೆಲೆ ನಿಂತುವು.
ಅಷ್ಟು ದೊಡ್ಡ ಸುಮ್ಮನಿನೊಳಗ
ಅವನ ಕಾಲು ಮಾತ್ರ, ಒಂದು ಎಡ, ಒಂದು ಬಲ,
ಇಲ್ಲದ ಮಗ್ಗ ತುಳೀತಿದ್ದುವು.