ಮೂರನೇ ಮೈಕು

ಮನಾಮದ ಬಾಡಿಗೆ ಸಭಾಂಗಣ. ಶುಕ್ರವಾರ ಸಂಜೆ.
ಹಿಂದಿನ ಗೋಡೆಗೆ ಒತ್ತಿದ ಮೇಜು ನನ್ನದು:
ಹದಿನಾರು ಜಾರುಗುಂಡಿ, ಮೂರು ಮೈಕು,
ಏರಿಳಿಯುವ ಒಂದು ಸಾಲು ಪುಟಾಣಿ ದೀಪ.
ಹದಿನೆಂಟು ವರ್ಷದಿಂದ ಭಾಷಣ ಕೇಳಿದವನಲ್ಲ ನಾನು,
ನೋಡಿದವನು.

ಊರಿನಿಂದ ಬಂದ ನಾಯಕರು ಮೊದಲು ಕೆಮ್ಮುತ್ತಾರೆ.
ಗಂಟಲು ಚೆನ್ನಾಗಿಯೇ ಇರುತ್ತದೆ.
ಆಮೇಲೆ ದನಿ ತಗ್ಗಿಸುತ್ತಾರೆ, ಜನ ಮುಂದಕ್ಕೆ ಬಾಗಲೆಂದು;
ಬಾಗಿದವರನ್ನು ಎತ್ತುವುದು ಸುಲಭ.

'ನೀರು ಕೊಟ್ಟೆವು.' ಐದು ದೀಪ.
'ದಾರಿ ಕೊಟ್ಟೆವು.' ಏಳು.
ಮೂರನೆಯದು ಹೊರಡುವ ಮೊದಲೇ ನನ್ನ ಬೆರಳು
ಗುಂಡಿಯನ್ನು ಕೂದಲೆಳೆಯಷ್ಟು ಕೆಳಗೆಳೆದಿರುತ್ತದೆ,
ಮೂರನೆಯದಕ್ಕೆ ಕೆಂಪು ಹತ್ತಲೇಬೇಕು.
ಏನು ಕೊಟ್ಟರು ಮೂರನೆಯದಾಗಿ? ನೆನಪಿಲ್ಲ.
ಚಪ್ಪಾಳೆಯಲ್ಲಿ ಮುಳುಗಿತು.
ಮೂರನೆಯದು ಯಾವತ್ತೂ ಮುಳುಗುತ್ತದೆ,
ಹಾಗಾಗಿ ಅದು ಏನು ಬೇಕಾದರೂ ಆಗಬಹುದು.

'ನೀವು ಪರದೇಶಿಗಳೋ, ನಮ್ಮ ಮಕ್ಕಳೋ? ಹೇಳಿ!'
ಎಳನೀರು ಕೆತ್ತಿ, ಸ್ಟ್ರಾ ಇಟ್ಟು,
ಕೈಗೇ ಕೊಟ್ಟಂಥ ಪ್ರಶ್ನೆ.
ನಾವು ಕುಡಿದೆವು.

ಕನ್ನಡ ಒಳ್ಳೆಯ ಭಾಷೆ, ಅವರಿಗೆ.
'ಮಾಡುತ್ತೇವೆ' ಅಂದರೆ ಇವತ್ತೂ ಆದೀತು, ಎಂದಾದರೂ ಆದೀತು;
ಒಂದೇ ಮೊಳೆಗೆ ತೂಗುಹಾಕಿದ ಎರಡು ಕ್ಯಾಲೆಂಡರು.
'ತಪ್ಪುಗಳಾಗಿವೆ' ಎನ್ನಬಹುದು,
ರಾತ್ರಿ ಮಂಜು ಬಿದ್ದ ಹಾಗೆ, ಯಾರೂ ಬೀಳಿಸದೆ.
ಮತ್ತೆ ಆ 'ನಾವು'.

ನನ್ನ ಅಮ್ಮನ ತುಳುವಿನಲ್ಲಿ ನಾವು ಎರಡು.
ನಿನ್ನನ್ನೂ ಸೇರಿಸಿಕೊಂಡರೆ 'ನಮ',
ನಿನ್ನನ್ನು ಹೊಸಿಲಾಚೆ ನಿಲ್ಲಿಸಿದರೆ 'ಎಂಕುಲು'.
ಅಮ್ಮ ವನಸಿಗೆ ಕರೆದರೆ ಎಷ್ಟು ತಟ್ಟೆ ಇಡಬೇಕೆಂದು
ಆ ಒಂದು ಮಾತಿನಲ್ಲೇ ತಿಳಿಯುತ್ತಿತ್ತು.
ಕನ್ನಡದ ನಾವು ತಟ್ಟೆ ಎಣಿಸುವುದಿಲ್ಲ.

ಅಸ್ಕರಿನ ಕ್ಯಾಂಪಿನಿಂದ ಬಸ್ಸಿನಲ್ಲಿ ಬಂದಿದ್ದ ಶೀನ ಮೂಲ್ಯ.
ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿಯ ಅಂಗಿ,
ಜೇಬಿನಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಅರ್ಜಿ:
ಏಳು ತಿಂಗಳ ಸಂಬಳ, ಬೀಗ ಹಾಕಿದ ಆಫೀಸು.
ಸಭಿಕರ ಮೈಕು, ನನ್ನ ಮೂರನೆಯದು, ಹೇಗೋ ಅವನ ಕೈ ಸೇರಿತು.
ಕೈಸಾಲ ಕೇಳುವವನಂತೆ ಮೆತ್ತಗೆ ಕೇಳಿದ:
'ನಾವು ನಿಮ್ಮೊಂದಿಗಿದ್ದೇವೆ ಅಂದಿರಲ್ಲ ಸ್ವಾಮಿ,
ಆ ನಾವು, ನಮವೋ ಎಂಕುಲೋ?'

ಕರಾವಳಿಯವರ ಸಾಲುಗಳು ನಕ್ಕವು.
ಆಮೇಲೆ ನಗು ನಿಂತಿತು.
ದೀಪಗಳೆಲ್ಲ ಆರಿ, ಎಸಿಯ ಗುಂಯ್ ಮಾತ್ರ ಉಳಿಯಿತು.
ನಾಯಕರು ಬಿಡುವ ಮೌನಗಳ ಉದ್ದ ನನಗೆ ಬಾಯಿಪಾಠ,
ಇದು ಯಾರೂ ಬರೆದುಕೊಡದ ಮೌನ.

ಸಂಘದ ಕಾರ್ಯದರ್ಶಿ ನನ್ನತ್ತ ತಿರುಗಿ
ಅಂಗೈ ಮಗುಚಿದರು.
ಶೀನ ಇನ್ನೂ ಏನೋ ಹೇಳುತ್ತಿದ್ದ. ತುಟಿ ಕಾಣುತ್ತಿತ್ತು.

ಬಿರಿಯಾನಿಯ ಸಾಲಿನಲ್ಲಿ ಎದುರಾದ.
'ಮೈಕಿಗೆ ಏನಾಯಿತು ಮಾರಾಯ?'
'ಬ್ಯಾಟರಿ ಹೋಯಿತು' ಅಂದೆ.

ಹೋಯಿತು.
ಎಷ್ಟು ಚೊಕ್ಕ ಮಾತು.
ಒಂದು ಬೆರಳಿನ ಗುರುತೂ ಇಲ್ಲ ಅದರ ಮೇಲೆ.

ಅವನು ನನ್ನ ಮುಖ ನೋಡಿದ, ನಂಬಿದನೋ ಏನೋ.
ರಾಶಿಯಿಂದ ಎರಡು ತಟ್ಟೆ ಎಳೆದ,
ಒಂದನ್ನು ಅಂಗಿಗೆ ಒರೆಸಿ ನನ್ನ ಕಡೆ ಚಾಚಿದ:
'ಬಲೆ, ನಮ ವನಸ್ ಮಲ್ಪುಗ.'