ಎಂದು ಓದಿಕೊಳ್ಳತಕ್ಕದ್ದು

ವಾದಪತ್ರದ ಒಂದನೇ ಪುಟ, ಐದನೇ ಸಾಲಿನಲ್ಲಿ
'ತಂದೆ ಕಾಳಯ್ಯ' ಎಂಬಲ್ಲಿ
'ತಂದೆ ಕುಟ್ಟಪ್ಪ' ಎಂದು ಓದಿಕೊಳ್ಳತಕ್ಕದ್ದು.
'ವಯಸ್ಸು ಅರವತ್ತೆಂಟು' ಎಂಬಲ್ಲಿ 'ನಲವತ್ತೊಂದು'.
'ಚಾಮೆಯಂಡ' ಎಂಬಲ್ಲಿ 'ಚೆಂಬಂಡ'.
ಹೆಸರು ಇದ್ದ ಹಾಗೇ ಇರಲಿ:
ಉತ್ತಯ್ಯ.

ವಕೀಲರು ಹೇಳುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ,
ವಿರಾಜಪೇಟೆ ಕೋರ್ಟಿನೆದುರು
ಝೆರಾಕ್ಸ್ ಅಂಗಡಿಯ ಹಿಂದಣ ಅರ್ಧ ಕೋಣೆಯಲ್ಲಿ.
ಹನ್ನೊಂದು ತಿಂಗಳ ಹಿಂದೆ ಆ ವಾದಪತ್ರ ಹೊಡೆದದ್ದೂ
ಇವೇ ಹತ್ತು ಬೆರಳು.

ವಾದಿ ಬೊಳ್ಳಮ್ಮ. ಸೊಸೈಟಿಯಲ್ಲಿ ಮೆಣಸು ತೂಗುವವಳು.
ಮಹಾಸಭೆಯ ಹಿಂದಿನ ರಾತ್ರಿ
ಬಾಗಿಲ ಸಂದಿಗಳಲ್ಲಿ ಯಾರೋ ಕರಪತ್ರ ತುರುಕಿದ್ದರು:
'ಚೀಲಕ್ಕೆ ಮುನ್ನೂರು ಗ್ರಾಂ ಅವಳ ಸೀರೆಗೆ.'
ಕೆಳಗೆ, ಸಿ. ಕೆ. ಉತ್ತಯ್ಯ, ಸದಸ್ಯ.
ತಕ್ಕಡಿಗೆ ಮುದ್ರೆ ಹಾಕಿದ ಸರ್ಕಾರಿ ಚೀಟಿಯನ್ನು
ಪ್ಲಾಸ್ಟಿಕ್ ಕವರಿನೊಳಗಿಟ್ಟು ತಂದು
ನನ್ನ ಮೇಜಿನ ಮೇಲೆ ಇಟ್ಟಳು ಅವಳು.
ನಾನೇನು ಜಡ್ಜೇ? ಆದರೂ ಓದಿದೆ.

ಸದಸ್ಯರ ಪಟ್ಟಿಯಲ್ಲಿ ಸಿ. ಕೆ. ಉತ್ತಯ್ಯ ಇಬ್ಬರಿದ್ದರು.
ಎರಡನೆಯವನು ಇನ್ನೊಂದು ಪುಟದಲ್ಲಿ.
ಪುಟ ಯಾರೂ ಮಗುಚಲಿಲ್ಲ.

ಮೊದಲನೆಯವರು ಪಲ್ಪರ್ ಯಂತ್ರ ರಿಪೇರಿಯವರು,
ಉಗುರಿನಲ್ಲಿ ಗ್ರೀಸು.
ಪುತ್ತರಿಗೆ ಮೂರು ದಿನ ಇದೆ ಎನ್ನುವಾಗ ಅಮೀನ ಮನೆಗೆ ಹೋದ.
ಆ ಸಲ ಮಂದ್‌ನಲ್ಲಿ ಕೋಲು ಹಿಡಿದು ನಿಂತರೆ
ಅವರ ಪಕ್ಕದ ಜಾಗಕ್ಕೆ ಯಾರೂ ಬರಲಿಲ್ಲವಂತೆ.
ಕುರಿಮಾಂಸದ ಅಂಗಡಿಯವನು
'ಮುನ್ನೂರು ಗ್ರಾಂ ಸಾಕಾ?' ಎಂದನಂತೆ.
ಪ್ರತಿ ವಾಯಿದೆಗೂ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಬಂದು
ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು.
'ನಾನು ಬರೆದಿಲ್ಲ. ನನಗೆ ಮೆಣಸಿನ ಬಳ್ಳಿಯೇ ಇಲ್ಲ,
ಗೊಬ್ಬರಕ್ಕೆಂದು ಮಾಡಿಸಿದ ಸದಸ್ಯತ್ವ.'
ಅವರ ಜವಾಬು ಅಷ್ಟೇ. ಅದನ್ನೂ ನಾನೇ ಹೊಡೆದೆ.

ನಾಲ್ಕನೇ ಪ್ಯಾರಾದಲ್ಲಿ
'ಪ್ರತಿವಾದಿಯು ಸ್ವಭಾವತಃ ಮತ್ಸರಿಯಾಗಿದ್ದು' ಎಂದಿದೆ.
ಮತ್ಸರ ವಕೀಲರು ಹೇಳಿದ್ದು.
ಸ್ವಭಾವತಃ ಎಂಬುದನ್ನು ಯಾರೂ ಹೇಳಿರಲಿಲ್ಲ,
ಹಳೆಯ ಫೈಲೊಂದರಿಂದ ತಾನಾಗಿ ಇಳಿದು ಬಂದದ್ದು.
ಅಳಿಸಬಹುದಿತ್ತು. ಊಟದ ಹೊತ್ತಾಗಿತ್ತು.

ಗೋಣಿಕೊಪ್ಪದ ಪ್ರೆಸ್ಸಿನವನು ಕಡೆಗೆ ಬಿಲ್ ಪುಸ್ತಕ ತೆರೆದ.
ಅರ್ಜಿ ಮಂಜೂರಾಯಿತು.
ಮೊದಲನೆಯವರಿಗೆ ಐನೂರು ರೂಪಾಯಿ ಖರ್ಚು ಕೊಡತಕ್ಕದ್ದು.
ಶಿರಸ್ತೇದಾರರ ಮುಂದೆ ಗುಮಾಸ್ತ ಕೆಂಪು ಶಾಯಿಯಲ್ಲಿ
ಕಾಳಯ್ಯನ ಮೇಲೆ ಗೆರೆ ಎಳೆದು, ಮೇಲೆ ಕುಟ್ಟಪ್ಪನನ್ನು ಬರೆದ.
'ನಾಲ್ಕನೇ ಪ್ಯಾರಾಕ್ಕೆ ತಿದ್ದುಪಡಿ ಬೇಡವಾ ಸಾರ್?'
'ಯಾಕೆ? ಅದು ಯಾರಿಗಾದರೂ ಆಗುತ್ತೆ' ಎಂದರು ವಕೀಲರು.

ವರಾಂಡದಲ್ಲಿ ಬೊಳ್ಳಮ್ಮ ಅವರನ್ನು ಕಂಡು ಎದ್ದು ನಿಂತಳು.
ಅವರೂ ನಿಂತರು.
ಬೆಂಚು ಇಬ್ಬರ ನಡುವೆ ಖಾಲಿ ಇತ್ತು.

ಸಂಜೆ ನಮ್ಮ ಅಂಗಡಿಗೆ ಬಂದರು ಉತ್ತಯ್ಯ, ತಂದೆ ಕಾಳಯ್ಯ.
ನನ್ನ ಮಾನಕ್ಕೂ ಒಂದು ದಾವೆ ಹೂಡಬಹುದಾ ಎಂದು ಕೇಳಿದರಂತೆ;
ಕೋರ್ಟಿನ ಕಾಗದದಲ್ಲಿ ಬರೆದದ್ದಕ್ಕೆ ಮಾನನಷ್ಟವಿಲ್ಲ
ಎಂದು ವಕೀಲರು ನಕ್ಕರಂತೆ.
ಕೈಯಲ್ಲಿ ಒಂದನೇ ಪುಟದ ದೃಢೀಕೃತ ನಕಲು.
ಕಪ್ಪು ಬಿಳುಪಿನಲ್ಲಿ ಕೆಂಪು ಸತ್ತು
ಆ ಗೆರೆ ಅಪ್ಪನ ಹೆಸರಿಗೆ ಒತ್ತು ಕೊಟ್ಟ ಹಾಗೆ ಕಾಣುತ್ತಿತ್ತು.
ಹೊಡೆದುಹಾಕಿದ್ದು ಓದಲು ಬರಬೇಕು, ಅದು ನಿಯಮ, ಎಂದೆ.
'ಕಲರ್ ಝೆರಾಕ್ಸ್ ಎಲ್ಲಿ ಸಿಗುತ್ತೆ?'
ಗಡಿಯಾರ ಕಂಬದ ಹತ್ತಿರ.

ಹೊರಟವರು ಬಾಗಿಲಲ್ಲಿ ನಿಂತು
ಪುಟವನ್ನು ಬೆಳಕಿಗೆ ಹಿಡಿದರು.
'ಇದೆಲ್ಲ ನೀನೇ ಹೊಡೆದದ್ದಾ?'
ಹೌದು ಎಂದೆ.
'ಚೆನ್ನಾಗಿದೆ ಮಗಾ,
ಒಂದು ಅಕ್ಷರವೂ ತಪ್ಪಿಲ್ಲ.'